ಎಪಿಪಿ ಮೇಜಿನಿಂದ ಉಪ ನಿರ್ದೇಶಕರ ಕಚೇರಿವರೆಗೆ: ತುಮಕೂರಿನ ಕೋರ್ಟು ಕಲಿಸಿದ್ದು

ಎಪಿಪಿ, ಅಂದರೆ ಕೋರ್ಟಿನಲ್ಲಿ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೆ ಅರ್ಜಿ ಹಾಕಬೇಕೆಂದು ಬರುವ ಕಿರಿಯ ವಕೀಲರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮ ಹೆಸರಿರುವ ವಕಾಲತ್ತು ಎಷ್ಟಿವೆ?’ ಸೀನಿಯರ್ ಆಫೀಸಿನಲ್ಲಿ ನಾಲ್ಕೈದು ವರ್ಷ ದುಡಿದಿರುತ್ತಾರೆ. ತುಮಕೂರಿನಿಂದ ಮಧುಗಿರಿಗೆ, ಪಾವಗಡಕ್ಕೆ ಬಸ್ಸಿನಲ್ಲಿ ಓಡಾಡಿ ವಾಯಿದೆ ಕೇಳಿರುತ್ತಾರೆ, ಸಾಕ್ಷಿ ನಡೆಸಿರುತ್ತಾರೆ, ವಾದವನ್ನೂ ಮಾಡಿರುತ್ತಾರೆ. ವಕಾಲತ್ತು, ಅಂದರೆ ಕಕ್ಷಿದಾರರು ವಕೀಲರನ್ನು ನೇಮಿಸಿಕೊಳ್ಳುವ ಪತ್ರ, ತೆಗೆದು ನೋಡಿದರೆ ಸೀನಿಯರ್ ಹೆಸರೊಂದೇ ಇರುತ್ತದೆ. ದಾಖಲೆ ಪರಿಶೀಲನೆಯ ದಿನ ಬಾಯಿಮಾತಿನ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಸನ್ನದು ಕೈಗೆ ಬಂದ ವಾರವೇ ಸೀನಿಯರ್ ಹತ್ತಿರ ಕೇಳಿ ವಕಾಲತ್ತಿನಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಸಹಿ ಸೇರಿಸಿಕೊಳ್ಳಿ. ಪ್ರತಿ ವರ್ಷದ್ದು ಐದಾರು ಕೇಸುಗಳ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆದಿಡಿ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಪತ್ರ, ಅಖಿಲ ಭಾರತ ವಕೀಲರ ಪರೀಕ್ಷೆಯ ಪ್ರಮಾಣಪತ್ರ, ನೀವು ಹಾಜರಾಗುವ ನ್ಯಾಯಾಲಯದಿಂದ ವಕೀಲಿಕೆಯ ದೃಢೀಕರಣ, ಇವೆಲ್ಲ ಒಂದೇ ಫೈಲಿನಲ್ಲಿರಲಿ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಹಳೆ ಕಡತ ರೆಕಾರ್ಡ್ ರೂಮಿಗೆ ಹೋಗಿರುತ್ತದೆ, ನಕಲು ಸಿಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ.

ಈ ಫೈಲು ಇನ್ನೊಂದು ಬಾಗಿಲಿಗೂ ಬೇಕು. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಕನಿಷ್ಠ 3 ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಬಹುದು ಎಂದೂ ಹೇಳಿತು. ನ್ಯಾಯಾಧೀಶರಾಗುವ ದಾರಿ, ಅಭಿಯೋಜಕರಾಗುವ ದಾರಿ ಎರಡೂ ಒಂದೇ ಕೋರ್ಟ್ ಹಾಲಿನಿಂದ ಹೊರಡುತ್ತವೆ.

ಸರ್ಕಾರದ ಪರ ನಿಲ್ಲುವವರೆಲ್ಲ ಒಂದೇ ಬಗೆಯವರು ಎಂದು ಜನ ತಿಳಿದಿರುತ್ತಾರೆ. ಜಿಲ್ಲಾ ಸರ್ಕಾರಿ ವಕೀಲರನ್ನು ವಕೀಲಿಕೆ ಮಾಡುತ್ತಿರುವವರಲ್ಲೇ ಆರಿಸಿ, 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳಡಿ ಅವಧಿಗೆಂದು ನೇಮಿಸುತ್ತಾರೆ. ಸರ್ಕಾರ ಬದಲಾದರೆ ಹೆಸರೂ ಬದಲಾಗಬಹುದು. ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯದು ಕಾಯಂ ನೌಕರಿ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ ದಾಟಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರಾಗಿ ಕೂರುತ್ತೀರಿ. ಅಲ್ಲಿಂದ ಹಿರಿಯ ಸಹಾಯಕ, ಸೆಷನ್ಸ್ ಕೋರ್ಟಿನ ಸರ್ಕಾರಿ ಅಭಿಯೋಜಕ, ಉಪ ನಿರ್ದೇಶಕ, ತುದಿಯಲ್ಲಿ ನಿರ್ದೇಶಕ. ಸಂಬಳದ ನೌಕರಿಗೆ ಸೇರಿದರೆ ವಕೀಲರೆಂಬ ಹೆಸರು ಹೋಗುತ್ತದೆಯೇ ಎಂಬ ಭಯ ಬೇಡ. ಕೋರ್ಟಿನಲ್ಲಿ ಸರ್ಕಾರದ ಪರ ಕೇಸು ನಡೆಸುವ ಅಭಿಯೋಜಕರು ವಕೀಲರಾಗಿಯೇ ಉಳಿಯುತ್ತಾರೆ, 7 ವರ್ಷದ ಅರ್ಹತೆಯ ಮೇಲೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೂ ಅರ್ಜಿ ಹಾಕಬಹುದು ಎಂದು 2013ರ ದೀಪಕ್ ಅಗರ್‌ವಾಲ್ ತೀರ್ಪು ಸ್ಪಷ್ಟಪಡಿಸಿದೆ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಮೂರು ಹೊಸ ಕಾನೂನು ಜಾರಿಯಲ್ಲಿವೆ: ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಹಾಗೆಂದು ಹಳೆಯದನ್ನು ಮರೆಯುವ ಹಾಗಿಲ್ಲ. ಜೂನ್ 30ರ ರಾತ್ರಿ ನಡೆದ ಹೊಡೆದಾಟಕ್ಕೆ ದಂಡ ಸಂಹಿತೆ, ಜುಲೈ 1ರ ಬೆಳಿಗ್ಗೆ ನಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ಇನ್ನೂ ಬಹಳ ವರ್ಷ ಒಂದೇ ದಿನದ ಕಾಸ್ ಲಿಸ್ಟಿನಲ್ಲಿ ಎರಡೂ ಇರುತ್ತವೆ.

ಸೇರಿದ ಮೇಲೆ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು, ನೀವು ಪೊಲೀಸರ ವಕೀಲರಲ್ಲ ಎಂಬುದು. ಒಂದು ಕಾಲಕ್ಕೆ ಎಷ್ಟೋ ಕಡೆ ಅಭಿಯೋಜಕರು ಪೊಲೀಸ್ ಇಲಾಖೆಯ ಕೈಕೆಳಗೇ ಇದ್ದರು. ಅದನ್ನು ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟು ಶಹಾನೆ ಪ್ರಕರಣದಲ್ಲಿ 1995ರಲ್ಲಿ ಹೇಳಿತು. ಹೇಗಾದರೂ ಮಾಡಿ ಆರೋಪಿಗೆ ಶಿಕ್ಷೆ ಕೊಡಿಸುವ ದಾಹ ಅಭಿಯೋಜಕರಿಗೆ ಇರಬಾರದು ಎಂದು 1999ರ ಶಿವಕುಮಾರ್ ತೀರ್ಪು ಹೇಳಿತು. ಮರುವರ್ಷ ಆರ್. ಸರಳಾ ಪ್ರಕರಣದಲ್ಲಿ ಗೆರೆಯ ಆ ಕಡೆಯನ್ನೂ ಎಳೆಯಿತು: ತನಿಖಾಧಿಕಾರಿ ಅಭಿಯೋಜಕರ ಅಭಿಪ್ರಾಯ ಪಡೆದೇ ಚಾರ್ಜ್‌ಶೀಟ್ ಹಾಕಬೇಕೆಂದು ಕಟ್ಟಪ್ಪಣೆ ಮಾಡುವ ಹಾಗಿಲ್ಲ. ಅಂದರೆ ಕರಡು ಚಾರ್ಜ್‌ಶೀಟ್ ನೋಡಿ ಕೊರತೆ ಬರೆದುಕೊಡಬಹುದು. ಯಾರನ್ನು ಆರೋಪಿ ಮಾಡಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಸಬ್‌ಇನ್‌ಸ್ಪೆಕ್ಟರು ‘ಸಾರ್, ಇವರನ್ನ ಕೈಬಿಡಬಹುದಾ, ನೀವೇ ಹೇಳಿಬಿಡಿ’ ಎಂದರೆ ‘ಸಾಕ್ಷ್ಯ ಏನಿದೆ ಅಂತ ನಾನು ಬರೆದುಕೊಡ್ತೀನಿ, ತೀರ್ಮಾನ ನಿಮ್ಮದು’ ಎನ್ನುವುದೇ ಸರಿಯಾದ ಉತ್ತರ. ಫೋನಿನಲ್ಲಿ ಅಭಿಪ್ರಾಯ ಹೇಳಬೇಡಿ. ಬರೆದು, ದಿನಾಂಕ ಹಾಕಿ, ಕಚೇರಿ ಪ್ರತಿ ಇಟ್ಟುಕೊಳ್ಳಿ.

ಈ ಕರಡು ನೋಡುವ ಕೆಲಸದಲ್ಲೇ ಇಡೀ ವೃತ್ತಿ ಅಡಗಿದೆ ಎಂಬುದು ನನ್ನ ನಂಬಿಕೆ. ಫೈಲು ತೆರೆದಾಗ ಕಥೆ ಓದಲು ಹೋಗಬೇಡಿ, ಮೊದಲು ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ: ಘಟನೆ ನಡೆದದ್ದು, ದೂರು ಬಂದದ್ದು, ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು, ಮಹಜರು, ಬಂಧನ, ಮೊದಲ ರಿಮ್ಯಾಂಡ್ (ಮ್ಯಾಜಿಸ್ಟ್ರೇಟರು ಆರೋಪಿಯನ್ನು ಬಂಧನಕ್ಕೆ ಒಪ್ಪಿಸಿದ್ದು), ವಶಪಡಿಸಿಕೊಂಡ ಮುದ್ದೆಮಾಲು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದದ್ದು. ಎಫ್‌ಐಆರ್ ಪ್ರತಿಯ ಮೇಲೆ ಮ್ಯಾಜಿಸ್ಟ್ರೇಟರು ಪಡೆದ ಸಮಯವನ್ನು ಕೈಬರಹದಲ್ಲಿ ಬರೆದಿರುತ್ತಾರೆ. ಸಂಜೆ ನಾಲ್ಕಕ್ಕೆ ದಾಖಲಾದ ಎಫ್‌ಐಆರ್ ಮರುದಿನ ಮಧ್ಯಾಹ್ನ ತಲುಪಿದ್ದರೆ ನಡುವೆ ಏನಾಯಿತು ಎಂಬುದಕ್ಕೆ ತಲುಪಿಸಿದ ಪೇದೆಯ ಹೇಳಿಕೆ ಇರಬೇಕು. ಇಲ್ಲದಿದ್ದರೆ ಪಾಟಿ ಸವಾಲಿನಲ್ಲಿ ಮೊದಲು ಕೀಳುವ ಇಟ್ಟಿಗೆ ಅದೇ.

ಆರೋಪಿ ಜೈಲಿನಲ್ಲಿದ್ದರೆ ಚಾರ್ಜ್‌ಶೀಟ್ ಹಾಕಲು 60 ಅಥವಾ 90 ದಿನದ ಲೆಕ್ಕ. ಠಾಣೆಯ ರೈಟರು ಬಹಳ ಸಲ ರಿಮ್ಯಾಂಡ್ ಆದ ಮರುದಿನದಿಂದ ಎಣಿಸುತ್ತಾರೆ. ರಿಮ್ಯಾಂಡ್ ಆದ ದಿನವನ್ನೂ ಸೇರಿಸಿಯೇ ಎಣಿಸಬೇಕೆಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2023ರ ಮಾರ್ಚ್‌ನಲ್ಲಿ ತೀರ್ಮಾನಿಸಿದೆ. ಆ ಒಂದು ದಿನ ತಪ್ಪಿದರೆ ಕೊಲೆ ಕೇಸಿನ ಆರೋಪಿಗೂ ಜಾಮೀನು ಹಕ್ಕಾಗಿಬಿಡುತ್ತದೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುವುದರಲ್ಲಿ ಸಣ್ಣತನವೇನಿಲ್ಲ, ನಾನು ಕೊನೆಯವರೆಗೂ ಹಾಗೇ ಎಣಿಸಿದ್ದೇನೆ. ಕೇಸು ಹೂಡುವ ಕಾಲಮಿತಿಯದು ಬೇರೆ ಲೆಕ್ಕ: ದಂಡ ಮಾತ್ರದ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಯದಕ್ಕೆ 1 ವರ್ಷ, ಮೂರು ವರ್ಷದವರೆಗಿನದಕ್ಕೆ 3 ವರ್ಷ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮಿನ ವಿವರಣೆ ಎಫ್‌ಐಆರ್ ದಾಖಲಾದ ದಿನವನ್ನೇ ಹಿಡಿಯುತ್ತದೆ. ಹಳೆ ಕೇಸಿನಲ್ಲಿ ಚಾರ್ಜ್‌ಶೀಟ್ ಸಲ್ಲಿಸಿದ ದಿನ ನೋಡಬೇಕು.

ನಮ್ಮ ಕಡೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಸುಮ್ಮನೆ ಬಿದ್ದುಹೋಗುವ ಕೇಸುಗಳಿಗೆ ಎರಡು ಉದಾಹರಣೆ ಕೊಡುತ್ತೇನೆ. ಒಂದು, ಅಂದರ್ ಬಾಹರ್ ಎಂಬ ಇಸ್ಪೀಟು ಜೂಜು. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯನ್ನೇ ಮಾಡುವ ಹಾಗಿಲ್ಲ. ಠಾಣೆಯ ಮನವಿಯ ಮೂಲೆಯಲ್ಲಿ ‘ಅನುಮತಿಸಿದೆ’ ಎಂಬ ಒಂದೇ ಪದ, ಕೆಳಗೊಂದು ಸಹಿ ಇದ್ದ ಎಷ್ಟೋ ಕೇಸುಗಳನ್ನು ಹೈಕೋರ್ಟು ರದ್ದು ಮಾಡಿದೆ. ಮನವಿ ಯಾರು ತಂದರು, ಯಾವಾಗ ಬಂತು, ಏಕೆ ಅನುಮತಿ ಎಂಬುದು ಪ್ರತ್ಯೇಕ ಆದೇಶದಲ್ಲಿ ಇರಬೇಕು. ಎರಡನೆಯದು ಮರಳು. ಗಣಿ ಮತ್ತು ಖನಿಜ ಕಾಯ್ದೆಯ 22ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ದೂರಿನ ಮೇಲೆ ಮಾತ್ರ ನ್ಯಾಯಾಲಯ ಆ ಕಾಯ್ದೆಯ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳಬಹುದು. ಪೊಲೀಸರ ಚಾರ್ಜ್‌ಶೀಟಿನಲ್ಲಿ ಕಳವಿನ ಕಲಂ ನಿಲ್ಲುತ್ತದೆ, ಖನಿಜ ಕಾಯ್ದೆಯದು ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಹಿಡಿದ ರಾತ್ರಿಯೇ ಗಣಿ ಇಲಾಖೆಯ ಭೂವಿಜ್ಞಾನಿಗೆ ಪತ್ರ ಹೋಗಿದ್ದರೆ ಎರಡೂ ಉಳಿಯುತ್ತವೆ.

ಸಿಸಿಟಿವಿ, ಮೊಬೈಲ್ ರೆಕಾರ್ಡಿಂಗ್ ಇದ್ದರೆ ಪೆನ್‌ಡ್ರೈವ್ ಜೊತೆ ಪ್ರಮಾಣಪತ್ರ ಇದೆಯೇ ನೋಡಿ. ಅದು ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಹೇಳಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ಸಾಧನದ ಉಸ್ತುವಾರಿ ಇದ್ದವರು, ಇನ್ನೊಂದನ್ನು ತಜ್ಞರು ಕೊಡಬೇಕು, ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ನಮೂದಾಗಬೇಕು. ಬೇಕರಿ ಮಾಲೀಕರ ಕ್ಯಾಮೆರಾದ ದೃಶ್ಯಕ್ಕೆ ಠಾಣೆಯ ಪೇದೆ ಸಹಿ ಮಾಡಿದ ಪ್ರಮಾಣಪತ್ರ ಬಂದರೆ ವಾಪಸು ಕಳಿಸಿ. ವಿಚಾರಣೆ ಮುಗಿಯುವುದರೊಳಗೆ ಸರಿಪಡಿಸಿಕೊಳ್ಳಲು ಅವಕಾಶ ಇದೆ, ಆದರೆ ಅಷ್ಟರಲ್ಲಿ ಬೇಕರಿಯ ಡಿವಿಆರ್ ಮೇಲೆ ಹೊಸ ರೆಕಾರ್ಡಿಂಗ್ ಹತ್ತಿ ಹಳೆಯದು ಅಳಿಸಿಹೋಗಿರುತ್ತದೆ.

ಈಗ ಸಾಕ್ಷಿಗಳ ವಿಷಯ. ಮಹಜರಿಗೆ ಸಹಿ ಹಾಕಿದ ಪಂಚ ಸಾಕ್ಷಿ ಕಟಕಟೆ ಹತ್ತಿ ‘ಪೊಲೀಸಿನವರು ಹೇಳಿದ ಕಡೆ ಸಹಿ ಹಾಕಿದೆ ಸ್ವಾಮಿ, ಅದರಲ್ಲೇನಿದೆ ನನಗೆ ಗೊತ್ತಿಲ್ಲ’ ಎನ್ನುವುದನ್ನು ಕೇಳದ ವಾರವಿಲ್ಲ. ಇಂಥವರನ್ನು ಪ್ರತಿಕೂಲ ಸಾಕ್ಷಿ ಎಂದು ಕರೆಯಲು ಅನುಮತಿ ಕೇಳಿ ಕುಳಿತುಬಿಟ್ಟರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ಮುಂದಿನದನ್ನು ಕ್ರಮವಾಗಿ ಮಾಡಬೇಕು. ಪೊಲೀಸರ ಮುಂದಿನ ಹೇಳಿಕೆಯನ್ನು ಇಡಿಯಾಗಿ ಓದಿ ಹೇಳಬೇಡಿ. ಬೇಕಾದ ವಾಕ್ಯವನ್ನಷ್ಟೇ ಓದಿ, ‘ಹೀಗೆ ಹೇಳಿದ್ದೀರಾ?’ ಎಂದು ಕೇಳಿ. ಇಲ್ಲ ಎಂದ ಉತ್ತರ ದಾಖಲಾಗಲಿ. ಆ ವಾಕ್ಯವನ್ನು ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಮಾಡಿಸಿ, ನಿಶಾನೆ ಪಿ ಸಂಖ್ಯೆ (ಅಭಿಯೋಜನೆಯ ದಾಖಲೆಗೆ ಕೋರ್ಟು ಕೊಡುವ ಗುರುತು) ಕೊಡಿಸಿ. ಮುಂದೆ ತನಿಖಾಧಿಕಾರಿ ಸಾಕ್ಷಿ ಹೇಳುವ ದಿನ ಅದೇ ವಾಕ್ಯ ತೋರಿಸಿ, ‘ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?’ ಎಂದು ಕೇಳಿ ರುಜುವಾತು ಮಾಡಿಸಬೇಕು. ಇಷ್ಟಾದರೂ ಆ ಹೇಳಿಕೆ ಸಾಕ್ಷಿಯ ನಂಬಿಕೆಯನ್ನು ಅಳೆಯುವುದಕ್ಕಷ್ಟೇ ಬಳಕೆಯಾಗುತ್ತದೆ, ಘಟನೆಗೆ ಪುರಾವೆಯಾಗುವುದಿಲ್ಲ.

ಬಹುಪಾಲು ಕಡೆ ತಪ್ಪುವುದು ಈ ಕೊನೆಯ ಹೆಜ್ಜೆ. ಸಾಕ್ಷಿ ನುಡಿದದ್ದಕ್ಕೂ ತನಿಖಾಧಿಕಾರಿ ಬರುವುದಕ್ಕೂ ಒಂದೆರಡು ವರ್ಷ ಅಂತರ ಬಿದ್ದಿರುತ್ತದೆ, ನಡುವೆ ಅಭಿಯೋಜಕರು ವರ್ಗವಾಗಿರುತ್ತಾರೆ, ಹೊಸಬರಿಗೆ ಗುರುತು ಮಾಡಿದ ಭಾಗ ಯಾವುದೆಂದೇ ಗೊತ್ತಿರುವುದಿಲ್ಲ. ಅದಕ್ಕೇ ಪ್ರತಿ ಸಾಕ್ಷಿಗೂ ಒಂದು ಹಾಳೆ ಇಡಿ. ಎಡಗಡೆ ಸಿ.ಡಬ್ಲ್ಯೂ. ಸಂಖ್ಯೆ (ಚಾರ್ಜ್‌ಶೀಟಿನ ಸಾಕ್ಷಿ ಪಟ್ಟಿಯದು), ಪಿ.ಡಬ್ಲ್ಯೂ. ಸಂಖ್ಯೆ (ಕೋರ್ಟಿನಲ್ಲಿ ಸಾಕ್ಷಿ ನುಡಿದ ಕ್ರಮದ್ದು), ಬಲಗಡೆ ಯಾವ ನಿಶಾನೆ, ಯಾವ ಮುದ್ದೆಮಾಲು, ತನಿಖಾಧಿಕಾರಿಗೆ ಕೇಳಬೇಕಾದ್ದು ಏನು. ಆ ಹಾಳೆ ಕಡತದಲ್ಲೇ ಉಳಿಯಲಿ. ಹಾಗೆಯೇ, ಪ್ರತಿಕೂಲವಾದ ಸಾಕ್ಷಿಯ ಮಾತೆಲ್ಲ ಕಸವಲ್ಲ. ಆತ ಸ್ಥಳದಲ್ಲಿದ್ದೆ ಎಂದು ಒಪ್ಪಿದ್ದರೆ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದೆ ಎಂದಿದ್ದರೆ, ಆ ಭಾಗವನ್ನು ನ್ಯಾಯಾಲಯ ನಂಬಬಹುದು. ವಾದದಲ್ಲಿ ಅದನ್ನು ಎತ್ತಿ ತೋರಿಸುವುದು ನಮ್ಮ ಹೊಣೆ.

ಸಾಕ್ಷಿ ಏಕೆ ತಿರುಗುತ್ತಾರೆ ಎಂದು ಕೇಳುವವರು ನಮ್ಮ ನೆರೆಯ ಕಂಬಾಲಪಲ್ಲಿಯನ್ನು ನೆನೆಯಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಸಾಕ್ಷಿಗಳು ಸಾಲಾಗಿ ಪ್ರತಿಕೂಲವಾದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಸಾವುಗಳಿಗೆ ಒಬ್ಬರೂ ಹೊಣೆಯಾಗಲಿಲ್ಲ. ಈ ಭಾಗದಲ್ಲಿ ಕೆಲಸ ಮಾಡುವ ಯಾವ ಅಭಿಯೋಜಕರಿಗೂ ಇದು ಮರೆಯುವ ಕೇಸಲ್ಲ. ಇನ್ನೊಂದು ಕಡೆ, 2010ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ ನಡೆದ ದಲಿತ ಮಹಿಳೆಯ ಕೊಲೆಗೆ 2024ರ ನವೆಂಬರಿನಲ್ಲಿ ತುಮಕೂರಿನ ನ್ಯಾಯಾಲಯ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹದಿನಾಲ್ಕು ವರ್ಷ ಒಂದು ಕಡತವನ್ನು ಕೈಯಿಂದ ಕೈಗೆ ಕೆಡದಂತೆ ದಾಟಿಸುವುದು ಎಂದರೇನು ಎಂದು ಕೋರ್ಟಿನ ಒಳಗಿದ್ದವರಿಗೆ ಗೊತ್ತು.

ಕಂಬಾಲಪಲ್ಲಿಯ ಕಾಲದಲ್ಲಿ ಇಲ್ಲದ ಒಂದು ಸಾಧನ ಈಗ ನಮ್ಮ ಕೈಯಲ್ಲಿದೆ. ಸುಪ್ರೀಂ ಕೋರ್ಟು 2018ರ ಡಿಸೆಂಬರ್ 5ರಂದು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಸಮಿತಿ: ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಅಭಿಯೋಜನೆಯ ಜಿಲ್ಲಾ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಬಂದರೆ ಡಿವೈಎಸ್‌ಪಿಯಿಂದ ಬೆದರಿಕೆ ವಿಶ್ಲೇಷಣಾ ವರದಿ ತರಿಸಬೇಕು, ಅದಕ್ಕೆ 5 ಕೆಲಸದ ದಿನ. ಬಹಳ ಸಾಕ್ಷಿಗಳಿಗೆ ಈ ಅರ್ಜಿ ಇದೆ ಎಂಬುದೇ ಗೊತ್ತಿಲ್ಲ. ಸಮನ್ಸ್ ಕೊಡುವ ಪೇದೆಯ ಕೈಯಲ್ಲೇ ಅರ್ಜಿ ನಮೂನೆಯನ್ನೂ ಕಳಿಸಿ, ಕನ್ನಡದಲ್ಲಿ. ಜೊತೆಗೆ, 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಎಂದು ಹೊಸ ಸಂಹಿತೆಯ 183ನೇ ಕಲಂ ಹೇಳುತ್ತದೆ. ಕರಡು ನೋಡುವಾಗ ಅದು ಆಗಿದೆಯೇ ಎಂದು ಪರೀಕ್ಷಿಸಿ.

ಸೆಷನ್ಸ್ ಕೋರ್ಟಿಗೆ ಬಂದಾಗ ಕೇಸುಗಳ ಸಂಖ್ಯೆ ಕಡಿಮೆ, ಒಂದೊಂದರ ಭಾರ ಹೆಚ್ಚು. ಅಲ್ಲಿ ಬೇಕಾದದ್ದೂ ಅದೇ ದಿನಾಂಕದ ಹಾಳೆ, ಅದೇ ಸಾಕ್ಷಿಯ ಹಾಳೆ.

ಉಪ ನಿರ್ದೇಶಕರ ಕುರ್ಚಿಗೆ ಬಂದ ಮೇಲೆ ಕೋಟು ಹಾಕುವ ದಿನಗಳು ಕಡಿಮೆಯಾಗುತ್ತವೆ, ತೀರ್ಪು ಓದುವ ದಿನಗಳು ಹೆಚ್ಚುತ್ತವೆ. ಅಭಿಯೋಜನಾ ನಿರ್ದೇಶನಾಲಯ ಕಾಯ್ದೆಯ ಪುಸ್ತಕಕ್ಕೆ ಬಂದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2005ರ ತಿದ್ದುಪಡಿ ಸೇರಿಸಿದ 25-ಎ ಕಲಮಿನಿಂದ. ಆಗ ನಿರ್ದೇಶಕ, ಉಪ ನಿರ್ದೇಶಕ ಹುದ್ದೆಗೆ 10 ವರ್ಷದ ವಕೀಲಿಕೆ ಸಾಕಿತ್ತು. ಹೊಸ ಸಂಹಿತೆಯ 20ನೇ ಕಲಂ ಅದನ್ನು 15 ವರ್ಷಕ್ಕೆ ಏರಿಸಿದೆ, ಸೆಷನ್ಸ್ ನ್ಯಾಯಾಧೀಶರಾಗಿದ್ದವರಿಗೂ ಬಾಗಿಲು ತೆರೆದಿದೆ. ಕೆಲಸವನ್ನೂ ಹಂಚಿದೆ: 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆ, ಜೀವಾವಧಿ, ಮರಣದಂಡನೆಯ ಪ್ರಕರಣಗಳ ಮೇಲ್ವಿಚಾರಣೆ ನಿರ್ದೇಶಕರದು, 7ರಿಂದ 10 ವರ್ಷದೊಳಗಿನದು ಉಪ ನಿರ್ದೇಶಕರದು, ಅದಕ್ಕಿಂತ ಕಡಿಮೆಯದು ಸಹಾಯಕ ನಿರ್ದೇಶಕರದು.

ಖುಲಾಸೆ ತೀರ್ಪಿನ ಮೇಲೆ ಮೇಲ್ಮನವಿ ಹೂಡಬೇಕೇ ಎಂಬ ಅಭಿಪ್ರಾಯ ಈ ಕುರ್ಚಿಯ ಅತಿ ಕಷ್ಟದ ಕೆಲಸ. ಸರ್ಕಾರಕ್ಕೆ ಇರುವುದು 90 ದಿನ. ತೀರ್ಪು ಬಂದ ಸಂಜೆಯೇ ನಕಲಿಗೆ ಅರ್ಜಿ ಬೀಳಬೇಕು. ನಕಲು ತಯಾರಾಗಲು ಹಿಡಿದ ದಿನಗಳನ್ನು ಕಳೆಯುತ್ತಾರೆ ನಿಜ, ಆದರೆ ಅರ್ಜಿ ಹಾಕುವ ಮುನ್ನ ಸುಮ್ಮನೆ ಕಳೆದ ದಿನ ನಮ್ಮ ಲೆಕ್ಕಕ್ಕೇ. ಅಲ್ಲಿಂದ ಅಭಿಯೋಜಕರ ಅಭಿಪ್ರಾಯ, ಉಪ ನಿರ್ದೇಶಕರು, ನಿರ್ದೇಶಕರು, ಕಾನೂನು ಇಲಾಖೆ, ಹೈಕೋರ್ಟಿನ ರಾಜ್ಯ ಸರ್ಕಾರಿ ಅಭಿಯೋಜಕರು. ಪ್ರತಿ ಮೇಜಿನಲ್ಲೂ ಕಡತ ಒಂದೆರಡು ವಾರ ಮಲಗಿದರೆ ಅವಧಿ ಅಲ್ಲೇ ಕರಗುತ್ತದೆ. ವಿಳಂಬ ಮನ್ನಿಸಿ ಎಂಬ ಅರ್ಜಿಯಲ್ಲಿ ‘ಆಡಳಿತಾತ್ಮಕ ಕಾರಣ’ ಎಂದು ಬರೆದರೆ ಯಾವ ಪೀಠವೂ ಮರುಳಾಗುವುದಿಲ್ಲ.

ಅಭಿಪ್ರಾಯ ಬರೆಯುವಾಗ ಕೋಪ ಪಕ್ಕಕ್ಕಿಡಬೇಕು. ನಮ್ಮ ರಾಜ್ಯದ್ದೇ ಆದ 2007ರ ಚಂದ್ರಪ್ಪ ಪ್ರಕರಣದ ಪ್ರಕಾರ ಸಾಕ್ಷ್ಯದಿಂದ ಎರಡು ಸಮಂಜಸ ನಿರ್ಣಯ ಸಾಧ್ಯವಿದ್ದರೆ ಖುಲಾಸೆಯನ್ನು ಮೇಲಿನ ನ್ಯಾಯಾಲಯ ಕದಲಿಸಬಾರದು. ನ್ಯಾಯಾಧೀಶರು ಯಾವ ಸಾಕ್ಷ್ಯವನ್ನು ಕಡೆಗಣಿಸಿದರು, ಯಾವ ಪುಟದಲ್ಲಿ, ಅದು ಸೇರಿದ್ದರೆ ಫಲ ಹೇಗೆ ಬೇರೆಯಾಗುತ್ತಿತ್ತು, ಇಷ್ಟನ್ನು ತೋರಿಸಲಾಗದಿದ್ದರೆ ‘ಮೇಲ್ಮನವಿಗೆ ಯೋಗ್ಯವಲ್ಲ’ ಎಂದು ಬರೆಯುವ ಧೈರ್ಯ ಬೇಕು. ಆದರೆ ಕಡತ ಅಲ್ಲಿಗೆ ಮುಚ್ಚಬಾರದು. ಪ್ರತಿ ಖುಲಾಸೆಯನ್ನೂ ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯರ ಸಮಿತಿ ಪರಿಶೀಲಿಸಿ ಲೋಪ ಯಾರದೆಂದು ಗುರುತಿಸಬೇಕೆಂದು 2014ರ ಜನವರಿಯ ಕಿಶನ್‌ಭಾಯಿ ತೀರ್ಪು ವಿಧಿಸಿದೆ. ಆ ಸಭೆಯ ನಡಾವಳಿಯಲ್ಲಿ ‘ಸಾಕ್ಷಿಗಳು ಪ್ರತಿಕೂಲ’ ಎಂಬ ಒಂದು ಸಾಲು ಬರೆದು ಎದ್ದುಬಿಡುವುದು ನನ್ನ ಕಣ್ಣಿಗೆ ಕರ್ತವ್ಯಲೋಪವೇ. ಯಾವ ಸಾಕ್ಷಿ, ಯಾವಾಗ ತಿರುಗಿದ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗಿತ್ತೇ, ಸಮನ್ಸ್ ಎಷ್ಟು ಸಲ ವಾಪಸು ಬಂತು ಎಂದು ಬರೆದರೆ ಮಾತ್ರ ಮುಂದಿನ ಕೇಸಿಗೆ ಉಪಯೋಗ.

ಕೊನೆಯದು, ಕೇಸು ಹಿಂಪಡೆಯುವ ವಿಷಯ. ಚಳವಳಿ, ಗಲಾಟೆಗಳ ಕೇಸುಗಳನ್ನು ವಾಪಸು ತೆಗೆದುಕೊಳ್ಳುವ ಸರ್ಕಾರಿ ಆದೇಶ ಜಿಲ್ಲೆಗೆ ಬಂದಾಗ ಅದನ್ನು ಲಗತ್ತಿಸಿ ಮೆಮೊ ಹಾಕಿಬಿಡುವವರಿದ್ದಾರೆ. ಹಳೆಯ 321, ಈಗಿನ 360ನೇ ಕಲಂ ಆ ಅಧಿಕಾರ ಕೊಟ್ಟಿರುವುದು ಅಭಿಯೋಜಕರಿಗೆ, ನ್ಯಾಯಾಲಯದ ಸಮ್ಮತಿಯ ಮೇಲೆ. 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟು 43 ಪ್ರಕರಣಗಳನ್ನು ಹಿಂಪಡೆಯುವ ಸರ್ಕಾರಿ ಆದೇಶವನ್ನು ರದ್ದುಪಡಿಸಿತು. ಶಾಸಕರು, ಸಂಸದರ ಮೇಲಿನ ಕೇಸಾದರೆ 2021ರ ಆಗಸ್ಟ್ 10ರ ಸುಪ್ರೀಂ ಕೋರ್ಟ್ ಆದೇಶದಂತೆ ಹೈಕೋರ್ಟಿನ ಅನುಮತಿ ಬೇಕು. ಹೊಸ ಸಂಹಿತೆಯಲ್ಲಿ ಬಾಧಿತರ ಮಾತು ಕೇಳದೆ ಸಮ್ಮತಿ ಕೊಡುವ ಹಾಗಿಲ್ಲ. ಹಾಗಾಗಿ ಆದೇಶ ಬಂದಾಗ ಕಡತ ತರಿಸಿ, ಸಾಕ್ಷಿಗಳ ಹೇಳಿಕೆ ಓದಿ, ಗಾಯದ ಪ್ರಮಾಣಪತ್ರ ನೋಡಿ, ಬಾಧಿತರ ವಿಳಾಸ ಪರೀಕ್ಷಿಸಿ. ಸಾರ್ವಜನಿಕ ಹಿತ ಏನೆಂದು ನಿಮ್ಮದೇ ಮಾತಿನಲ್ಲಿ ಬರೆಯಲು ಸಾಧ್ಯವಾದರೆ ಅರ್ಜಿ ಹಾಕಿ. ಆಗದಿದ್ದರೆ, ಆಗದು ಎಂದು ಕಾರಣ ಸಹಿತ ಬರೆದು ಕಡತವನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿ, ಮುಂದಿನ ವಾಯಿದೆಗೆ ಸಾಕ್ಷಿಗಳಿಗೆ ಸಮನ್ಸ್ ತೆಗೆಸಿ.